ಚಳಿಗೆ ಹೀಟೆಡ್ ಗ್ರಿಪ್: ಗಾಡಿಯ ಕರೆಂಟ್ ಸಾಲುತ್ತದೆಯೇ, ಎಕ್ಸಲರೇಟರ್ ಕಡೆ ಹೇಗೆ ಕೂರಿಸಬೇಕು?

ಮಂಜುಹಾದಿ:

ಎಲ್ಲರಿಗೂ ನಮಸ್ಕಾರ.

ನನ್ನದು 200 ಸಿಸಿ, ಸಿಂಗಲ್ ಸಿಲಿಂಡರ್, ಫ್ಯೂಯಲ್ ಇಂಜೆಕ್ಷನ್ ಗಾಡಿ. ಹ್ಯಾಂಡಲ್ 22 ಮಿ.ಮೀ. ಪೈಪು, ಬ್ಯಾಟರಿ 12 ವೋಲ್ಟ್ 8 ಆಂಪಿಯರ್-ಅವರ್, ಹೆಡ್‌ಲೈಟ್ 60/55 ವ್ಯಾಟ್ ಹ್ಯಾಲೊಜೆನ್. ಬೆಳಗಿನ ಜಾವ 3ರಿಂದ 8 ಡಿಗ್ರಿ ಚಳಿಯಲ್ಲಿ ಒಂದು ಗಂಟೆ ಓಡಿಸಬೇಕು, ವೇಗ 60ರಿಂದ 80. ಅರ್ಧ ದಾರಿಗೇ ಬೆರಳು ಮರಗಟ್ಟಿ, ಬ್ರೇಕ್ ಲಿವರನ್ನು ಎಷ್ಟು ಒತ್ತುತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ. ದಪ್ಪ ಗ್ಲೌಸ್ ಹಾಕಿದರೆ ಸ್ವಿಚ್ಚು ಸಿಗುವುದಿಲ್ಲ.

ಹೀಟೆಡ್ ಗ್ರಿಪ್ (ಕರೆಂಟಿನಿಂದ ಬಿಸಿಯಾಗುವ ಹ್ಯಾಂಡಲ್ ಹಿಡಿ) ಹಾಕಿಸಬೇಕೆಂದಿದ್ದೇನೆ. ನೋಡಿಟ್ಟಿರುವ ಕಿಟ್ಟಿನಲ್ಲಿ ಎರಡು ಗ್ರಿಪ್, ನಾಲ್ಕು ಹಂತದ ಕಂಟ್ರೋಲರ್ ಇದೆ. ಮೇಲೆ "12 ವೋಲ್ಟ್, ಗರಿಷ್ಠ 4 ಆಂಪ್" ಎಂದು ಬರೆದಿದೆ. ಗೊತ್ತಿದ್ದವರು ಈ ಮೂರು ವಿಷಯ ತಿಳಿಸಿ:

1. ಇಷ್ಟು ಕರೆಂಟನ್ನು ಗಾಡಿ ತಾಳುತ್ತದೆಯೇ, ಇಲ್ಲಾ ಬ್ಯಾಟರಿ ಕೂತುಬಿಡುತ್ತದೆಯೇ?
2. ಕರೆಂಟನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ನೇರ ಬ್ಯಾಟರಿಯಿಂದಲೋ, ಇಗ್ನಿಷನ್ ವೈರಿನಿಂದಲೋ?
3. ಬಲಗಡೆ ಗ್ರಿಪ್ ಎಕ್ಸಲರೇಟರ್ ಜೊತೆ ತಿರುಗುವುದರಿಂದ ಅದರ ವೈರ್ ಸಿಕ್ಕಿಕೊಳ್ಳದ ಹಾಗೆ ಏನು ಮಾಡಬೇಕು?

ಎಡಗಡೆ ಗ್ರಿಪ್ ಯಾವಾಗಲೂ ತಣ್ಣಗಿರುತ್ತದೆ ಎಂದೂ ಹೇಳುತ್ತಾರೆ. ನಿಜವೇ?


ಓಮ್‌ಲೆಕ್ಕ:

ಕೊಳ್ಳುವ ಮೊದಲು ಅಳೆಯಿರಿ. ಹೀಟೆಡ್ ಗ್ರಿಪ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಗ್ರಿಪ್ಪಿನ ತಪ್ಪಲ್ಲ, ಗಾಡಿಯ ಚಾರ್ಜಿಂಗ್ ಲೆಕ್ಕ ನೋಡದೆ ಹಾಕಿದ್ದರ ಫಲ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿ. 12 ವೋಲ್ಟಿಗೆ 4 ಆಂಪ್ ಎಂದರೆ ಎರಡೂ ಗ್ರಿಪ್ ಸೇರಿ 3 ಓಮ್ಸ್, 48 ವ್ಯಾಟ್. ಆದರೆ ಇಂಜಿನ್ ಓಡುವಾಗ ಬ್ಯಾಟರಿಯ ತುದಿಯಲ್ಲಿ 13.8 ವೋಲ್ಟ್‌ನ ಆಸುಪಾಸು ಇರುತ್ತದೆ. ಅದೇ 3 ಓಮ್ಸ್‌ಗೆ 13.8 ವೋಲ್ಟ್ ಕೊಟ್ಟರೆ 4.6 ಆಂಪ್ ಹರಿದು 63 ವ್ಯಾಟ್ ಆಗುತ್ತದೆ. ಫ್ಯೂಸನ್ನೂ ವೈರನ್ನೂ ಈ ಅಂಕಿಗೆ ಆರಿಸಿ, 4 ಆಂಪ್‌ಗಲ್ಲ.

ಇನ್ನು ಗಾಡಿಯ ಆದಾಯ. ಸ್ಟೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ) ಎಷ್ಟು ವ್ಯಾಟ್, ಎಷ್ಟು ಆರ್‌ಪಿಎಂನಲ್ಲಿ ಎಂಬುದು ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಉದಾಹರಣೆಗೆ 5000 ಆರ್‌ಪಿಎಂನಲ್ಲಿ 190 ವ್ಯಾಟ್ ಎಂದಿಟ್ಟುಕೊಳ್ಳಿ. ಖರ್ಚು ಹೀಗೆ: ಹೆಡ್‌ಲೈಟ್ 55, ಟೈಲ್ ಲೈಟ್ ಮತ್ತು ನಂಬರ್ ಪ್ಲೇಟ್ ಲೈಟ್ 7ರಿಂದ 10, ಪೆಟ್ರೋಲ್ ಪಂಪು 40, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಇಂಜೆಕ್ಟರ್, ಇಗ್ನಿಷನ್ ಕಾಯಿಲ್ ಸೇರಿ 25, ಮೀಟರ್ ಒಂದೈದು. ಒಟ್ಟು 135ರ ಹತ್ತಿರ. ಉಳಿಯುವುದು 55. ಅಂದರೆ ಗ್ರಿಪ್ಪನ್ನು ಪೂರ್ತಿ ಏರಿಸಿಟ್ಟರೆ ಸಣ್ಣ ಕೊರತೆ, ಒಂದು ಹಂತ ಇಳಿಸಿದರೆ ಉಳಿತಾಯ. ನಾಲ್ಕು ಹಂತದ ಕಂಟ್ರೋಲರ್‌ಗಳು ಕರೆಂಟನ್ನು ಸೆಕೆಂಡಿಗೆ ಹಲವು ಬಾರಿ ಆನ್-ಆಫ್ ಮಾಡುವ ತರಹದವು. ಅರ್ಧ ಹೊತ್ತು ಆನ್ ಇದ್ದರೆ ಸರಾಸರಿ ಕರೆಂಟೂ ಅರ್ಧ, ಬಿಸಿಯೂ ಅರ್ಧ. ಹಾಗಾಗಿ ಹಂತ ಇಳಿಸಿದಷ್ಟೂ ಬ್ಯಾಟರಿಗೆ ನೇರ ಲಾಭ.

ಐಡಲ್‌ನಲ್ಲಿ ಸ್ಟೇಟರ್ ಕೊಡುವುದು ತೀರಾ ಕಡಿಮೆ. ಸಿಗ್ನಲ್ಲಿನಲ್ಲಿ ನಿಂತಾಗ ಗ್ರಿಪ್ಪಿನ ಬಿಸಿಯೆಲ್ಲ ಬ್ಯಾಟರಿಯಿಂದಲೇ ಬರುತ್ತದೆ. ಎರಡು ನಿಮಿಷಕ್ಕೆ ತೊಂದರೆಯಿಲ್ಲ. ಇಪ್ಪತ್ತು ನಿಮಿಷ ಟ್ರಾಫಿಕ್ಕಿನಲ್ಲಿ ನಿಂತರೆ ಒಂದೂವರೆ ಆಂಪಿಯರ್-ಅವರ್ ಹೋಯಿತು. ಸೊನ್ನೆ ಡಿಗ್ರಿಯ ಹತ್ತಿರ ಬ್ಯಾಟರಿಯ ಸಾಮರ್ಥ್ಯವೇ ಸುಮಾರು ಐದನೇ ಒಂದು ಭಾಗ ಕುಗ್ಗಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಕಿಟ್ ಕೊಳ್ಳದೆಯೇ ಪರೀಕ್ಷೆ ಮಾಡಲು ಒಂದು ದಾರಿ ಇದೆ. ಹಳೆಯ 60/55 ಹೆಡ್‌ಲೈಟ್ ಬಲ್ಬೊಂದನ್ನು ಎರಡು ವೈರ್ ಹಾಕಿ, ನಡುವೆ 10 ಆಂಪ್ ಫ್ಯೂಸ್ ಇಟ್ಟು ಬ್ಯಾಟರಿಗೆ ಸಿಕ್ಕಿಸಿ. ಲೋ ಬೀಮ್ ತಂತು ಮಾತ್ರ ಉರಿಯಲಿ. ಗ್ರಿಪ್ಪಿನಷ್ಟೇ ಹೊರೆ ಬೀಳುತ್ತದೆ. ಗಾಜು ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ಕಿಗೂ ಸೀಟಿಗೂ ತಾಗದಂತೆ ನೇತುಹಾಕಿ. ಮಲ್ಟಿಮೀಟರನ್ನು ಬ್ಯಾಟರಿಯ ತುದಿಗೇ ಹಿಡಿದು ನಾಲ್ಕು ಅಳತೆ ತೆಗೆದುಕೊಳ್ಳಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಷ್ಟು, ಐಡಲ್‌ನಲ್ಲಿ ಬಲ್ಬಿಲ್ಲದೆ ಮತ್ತು ಬಲ್ಬಿನ ಜೊತೆ ಎಷ್ಟೆಷ್ಟು, 4000 ಆರ್‌ಪಿಎಂನಲ್ಲಿ ಬಲ್ಬಿನ ಜೊತೆ ಎಷ್ಟು. ಗಾಡಿಯ ಹೆಡ್‌ಲೈಟ್ ಆನ್ ಇರಲಿ.

ನಿಂತ ಬ್ಯಾಟರಿ 12.4ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಮಾಡಿ. 4000ದಲ್ಲಿ 13.5 ಅಥವಾ ಮೇಲಿದ್ದರೆ ಧೈರ್ಯವಾಗಿ ಹಾಕಿ. 13ರಿಂದ 13.5 ಇದ್ದರೆ ಕೆಳ ಹಂತದಲ್ಲಿ ಬಳಸಬಹುದು. 12.8ಕ್ಕೂ ಇಳಿದರೆ ಓಡುವಾಗಲೂ ಬ್ಯಾಟರಿ ಖಾಲಿಯಾಗುತ್ತಿದೆ ಎಂದೇ ಅರ್ಥ. ಆ ಗಾಡಿಗೆ ಈ ಗ್ರಿಪ್ ಬೇಡ.

ಹಳೆಯ ಸಣ್ಣ ಗಾಡಿ ಇರುವವರಿಗೆ ಒಂದು ಮಾತು: ಕೆಲವದರಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ, ನೇರ ಸ್ಟೇಟರ್‌ನ ಎಸಿ ಕರೆಂಟಿನಿಂದ ಉರಿಯುತ್ತದೆ. ಇಂಜಿನ್ ಆಫ್ ಇದ್ದಾಗ ಲೈಟ್ ಬರದೆ, ಎಕ್ಸಲರೇಟರ್ ಕೊಟ್ಟಂತೆಲ್ಲ ಬೆಳಕು ಏರುತ್ತಿದ್ದರೆ ನಿಮ್ಮದು ಆ ಜಾತಿ. ಅಲ್ಲಿ ಬ್ಯಾಟರಿಯ ಕಡೆಗೆ ಬರುವ ಪಾಲು ಬಹಳ ಸಣ್ಣದು. ಸ್ಟೇಟರ್‌ನ ಒಟ್ಟು ವ್ಯಾಟ್ ನೋಡಿ ಮೋಸಹೋಗಬೇಡಿ.


ಅರಮತ್ತುಸ್ಪ್ಯಾನರ್:

ಕರೆಂಟಿನ ಮಾತು ಮೇಲೆ ಬಂದಿದೆ, ನಾನು ಕೂರಿಸುವ ಕೆಲಸ ಹೇಳುತ್ತೇನೆ. ಜೀವಕ್ಕೆ ಸಂಬಂಧಪಟ್ಟ ಭಾಗ ಇದೇ. ಗ್ರಿಪ್ ಬಿಸಿಯಾಗದಿದ್ದರೆ ಕೈ ತಣ್ಣಗಾಗುತ್ತದೆ ಅಷ್ಟೇ. ಎಕ್ಸಲರೇಟರ್ ವಾಪಸ್ ಬರದಿದ್ದರೆ ಗಾಡಿ ನಿಲ್ಲುವುದಿಲ್ಲ.

ಹಳೆ ಗ್ರಿಪ್ ತೆಗೆಯಲು ತೆಳು ಸ್ಕ್ರೂಡ್ರೈವರನ್ನು ರಬ್ಬರಿನ ಕೆಳಗೆ ತೂರಿಸಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ತಿರುವಿ. ಕಂಪ್ರೆಸರ್ ಗಾಳಿ ಇದ್ದರೆ ಇನ್ನೂ ಸುಲಭ. ಎಣ್ಣೆಯ ಅಂಶ ಇರುವ ಯಾವ ಸ್ಪ್ರೇಯನ್ನೂ ಬಳಸಬೇಡಿ, ಪೈಪಿನ ಮೇಲೆ ಉಳಿದು ಆಮೇಲೆ ಗಮ್ ಹಿಡಿಯುವುದಿಲ್ಲ. ಮತ್ತೆ ಬೇಡದ ಗ್ರಿಪ್ಪಾದರೆ ಬ್ಲೇಡಿನಿಂದ ಸೀಳಿ, ಆದರೆ ಬಲಗಡೆ ಮೆಲ್ಲಗೆ: ಕೆಳಗಿರುವುದು ಪ್ಲಾಸ್ಟಿಕ್ ಕೊಳವೆ.

ಎಡ ಮತ್ತು ಬಲ ಗ್ರಿಪ್ ಅದಲುಬದಲು ಮಾಡುವಂತಿಲ್ಲ. ಎಡದ್ದು ನೇರ 22 ಮಿ.ಮೀ. ಪೈಪಿನ ಮೇಲೆ ಕೂರುತ್ತದೆ. ಬಲದ್ದು ಪೈಪಿನ ಮೇಲೆ ತಿರುಗುವ ಎಕ್ಸಲರೇಟರ್ ಕೊಳವೆಯ ಮೇಲೆ ಕೂರುವುದರಿಂದ ಅದರ ಒಳವ್ಯಾಸ ದೊಡ್ಡದು.

ಕೆಲಸ ಹಿಡಿಯುವುದು ಆ ಕೊಳವೆಯೇ. ಕಂಪನಿ ಗ್ರಿಪ್ ಜಾರದಿರಲಿ ಎಂದು ಅದರ ಮೈಮೇಲೆ ಉದ್ದುದ್ದ, ಅಡ್ಡಡ್ಡ ಏಣುಗಳನ್ನು ಎರಕ ಹೊಯ್ದಿರುತ್ತಾರೆ. ಹೀಟೆಡ್ ಗ್ರಿಪ್ಪಿನ ಒಳಗಿರುವುದು ಗಟ್ಟಿ ಪ್ಲಾಸ್ಟಿಕ್ ತೋಳು. ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಏಣುಗಳನ್ನು ಅರ ಹಾಕಿ ತೆಗೆಯಬೇಕು, ಕೊನೆಗೆ 120ರ ಎಮರಿ ಪೇಪರ್. ಸುತ್ತ ಸಮನಾಗಿ ತೆಗೆಯುತ್ತ, ನಡುನಡುವೆ ಗ್ರಿಪ್ ತೂರಿಸಿ ನೋಡುತ್ತ ಹೋಗಿ. ಬರಿ ಕೈಯಲ್ಲಿ ಒತ್ತಿ ತಿರುವಿದರೆ ಒಳಗೆ ಹೋಗಬೇಕು, ಬಿಟ್ಟರೆ ತಾನಾಗಿ ಜಾರಬಾರದು, ಅಲ್ಲಿಗೆ ನಿಲ್ಲಿಸಿ. ಹೆಚ್ಚು ಅರೆದರೆ ಕೊಳವೆ ತೆಳುವಾಗಿ, ಬಿಗಿಯಾದ ಗ್ರಿಪ್ ಅದನ್ನು ಅದುಮಿ ಪೈಪಿಗೆ ಉಜ್ಜಿಸುತ್ತದೆ. ಕೊಳವೆಯನ್ನು ಬಿಚ್ಚಿ ಹೊರಗೆ ತಂದು ಅರೆಯುವುದೇ ಒಳ್ಳೆಯದು. ಬಿಚ್ಚದೆ ಮಾಡುವುದಾದರೆ ಸ್ವಿಚ್ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿ. ಪ್ಲಾಸ್ಟಿಕ್ ಪುಡಿ ಕೇಬಲ್ ಗಾಲಿಗೆ ಸೇರಿಕೊಂಡರೆ ಎಕ್ಸಲರೇಟರ್ ಬಿಗಿಯುತ್ತದೆ.

ಸುತ್ತಿಗೆ ಮುಟ್ಟಬೇಡಿ. ಬಡಿದು ಕೂರಿಸಿದ ಗ್ರಿಪ್ಪಿನೊಳಗೆ ಕಾಯುವ ತಂತಿ ಕಡಿದುಹೋಗುತ್ತದೆ. ಹಾಕುವ ಮೊದಲು ಎರಡೂ ಗ್ರಿಪ್ಪಿನ ಓಮ್ಸ್ ಅಳೆದು ಬರೆದಿಟ್ಟುಕೊಳ್ಳಿ, ಹಾಕಿದ ಮೇಲೆ ಮತ್ತೆ ಅಳೆಯಿರಿ. ಅಂಕಿ ಬದಲಾಗಿದ್ದರೆ ಕೂರಿಸುವಾಗಲೇ ಪೆಟ್ಟಾಗಿದೆ.

ಬಲಗಡೆ ವೈರ್ ಹೊರಬರುವ ಜಾಗವನ್ನು ಗಮ್ ಹಾಕುವ ಮೊದಲೇ ನಿರ್ಧರಿಸಬೇಕು. ಗ್ರಿಪ್ಪನ್ನು ಸುಮ್ಮನೆ ತೂರಿಸಿ, ಎಕ್ಸಲರೇಟರ್ ಪೂರ್ತಿ ತಿರುವಿ, ವೈರ್ ಎಲ್ಲೆಲ್ಲಿ ಹಾದುಹೋಗುತ್ತದೆ ನೋಡಿ. ಬಹುಪಾಲು ಗಾಡಿಗಳಲ್ಲಿ ಎಕ್ಸಲರೇಟರ್ ಮುಚ್ಚಿದಾಗ ವೈರ್ ಸವಾರನ ಕಡೆಗೆ ಕೆಳಮುಖವಾಗಿದ್ದು, ಪೂರ್ತಿ ತಿರುವಿದಾಗ ತಳದಿಂದ ಸ್ವಲ್ಪ ಮುಂದಕ್ಕೆ ಬಂದು ನಿಲ್ಲುವುದು ಸರಿಹೊಂದುತ್ತದೆ. ಬ್ರೇಕ್ ಲಿವರಿನ ಬುಡಕ್ಕೂ ಬ್ರೇಕ್ ಆಯಿಲ್ ಡಬ್ಬಿಗೂ ತಾಗಬಾರದು. ಸರಿಯಾದ ಜಾಗ ಸಿಕ್ಕಿದ ಮೇಲೆ ಗ್ರಿಪ್ಪಿನ ಅಂಚಿಗೂ ಸ್ವಿಚ್ ಪೆಟ್ಟಿಗೆಗೂ ಒಂದೇ ಗೆರೆಯಲ್ಲಿ ಮಾರ್ಕರ್ ಗುರುತು ಹಾಕಿ.

ಗಮ್ ಶಾಖ ತಡೆಯುವಂಥದ್ದೇ ಬೇಕು. ಮಾಮೂಲಿ ರಬ್ಬರ್ ಗಮ್ ಬಿಸಿಗೆ ಮೆದುವಾಗಿ ಗ್ರಿಪ್ ತಿರುಗಿಬಿಡುತ್ತದೆ. ಕಿಟ್ಟಿನ ಜೊತೆ ಬರುವುದು ಸಾಮಾನ್ಯವಾಗಿ ತಕ್ಷಣ ಅಂಟುವ ಜಾತಿ, ಗುರುತಿಗೆ ಕೂರಿಸಲು ಕೆಲವೇ ಸೆಕೆಂಡು ಸಿಗುತ್ತದೆ. ಎರಡು ಭಾಗ ಬೆರೆಸುವ ಎಪಾಕ್ಸಿಯಾದರೆ ಸಮಯ ಸಿಗುತ್ತದೆ, ಆದರೆ 24 ಗಂಟೆ ಮುಟ್ಟದೆ ಬಿಡಬೇಕು. ಎಲ್ಲಿ ಹಚ್ಚುತ್ತೀರಿ ಎಂಬುದು ಎಷ್ಟು ಹಚ್ಚುತ್ತೀರಿ ಎಂಬುದಕ್ಕಿಂತ ಮುಖ್ಯ. ಗ್ರಿಪ್ ಒಳಕ್ಕೆ ಸರಿಯುವಾಗ ಕೊಳವೆಯ ಮೇಲಿನ ಗಮ್ಮನ್ನು ಸ್ವಿಚ್ ಪೆಟ್ಟಿಗೆಯ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಹಾಗಾಗಿ ಕೊಳವೆಯ ಹೊರತುದಿಯ ಕಡೆಯ ಮೂರನೇ ಒಂದು ಭಾಗಕ್ಕೆ ಮಾತ್ರ ತೆಳುವಾಗಿ ಬಳಿಯಿರಿ. ಪೆಟ್ಟಿಗೆಯ ಕಡೆಯ 15 ಮಿ.ಮೀ. ಒಣಗಿರಲಿ. ಕೊಳವೆಯ ಬಾಯಿಗೆ ಒಂದು ಹನಿಯೂ ಹೋಗಬಾರದು. ಅಲ್ಲಿಂದ ಒಳಗಿಳಿದರೆ ಕೊಳವೆಯೇ ಪೈಪಿಗೆ ಅಂಟಿಕೊಳ್ಳುತ್ತದೆ.

ಗ್ರಿಪ್ಪಿಗೂ ಸ್ವಿಚ್ ಪೆಟ್ಟಿಗೆಗೂ ನಡುವೆ 1ರಿಂದ 2 ಮಿ.ಮೀ. ಸಂದಿ, ತುದಿಯ ಬಾರ್ ಎಂಡ್ ತೂಕಕ್ಕೂ ಅಷ್ಟೇ ಸಂದಿ ಬಿಡಿ. ಗ್ರಿಪ್ ಉದ್ದ ಹೆಚ್ಚಾಗಿ ಈ ಸಂದಿ ಸಿಗದಿದ್ದರೆ, ತಯಾರಕರೇ "ಇಲ್ಲಿ ಕತ್ತರಿಸಬಹುದು" ಎಂದು ಗುರುತು ಕೊಟ್ಟಿರುವ ತುದಿಯನ್ನು ಮಾತ್ರ ಕತ್ತರಿಸಿ. ಗುರುತಿಲ್ಲದ ಕಡೆ ಕತ್ತರಿ ಹಾಕಿದರೆ ತಂತಿಗೇ ಬೀಳುತ್ತದೆ.

ವೈರಿಗೆ ಗ್ರಿಪ್ಪಿನಿಂದ ಮೊದಲ ಕಟ್ಟಿನವರೆಗೆ ಐದಾರು ಸೆಂ.ಮೀ. ಸಡಿಲ ಬಳುಕು ಬಿಡಿ. ಆಮೇಲೆ ಪರೀಕ್ಷೆ: ಇಂಜಿನ್ ಆಫ್, ಹ್ಯಾಂಡಲ್ ಪೂರ್ತಿ ಎಡಕ್ಕೆ, ನೇರ, ಪೂರ್ತಿ ಬಲಕ್ಕೆ, ಮೂರೂ ಕಡೆ ಎಕ್ಸಲರೇಟರ್ ಪೂರ್ತಿ ತಿರುವಿ ಬಿಡಿ. ಟಕ್ಕೆಂದು ವಾಪಸ್ ಬಡಿಯುವ ಸದ್ದು ಮೂರೂ ಕಡೆ ಒಂದೇ ತರಹ ಬರಬೇಕು. ಬಳಿಕ ಇಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ. ಆರ್‌ಪಿಎಂ ಏರಿದರೆ ಎಲ್ಲೋ ಕೇಬಲ್ ಇಲ್ಲವೇ ವೈರ್ ಎಳೆಯುತ್ತಿದೆ. ಅದನ್ನು ಸರಿಮಾಡದೆ ಗಾಡಿ ಹೊರಗೆ ತೆಗೆಯಬೇಡಿ.


ಮಂಜುಹಾದಿ:

ಇಬ್ಬರಿಗೂ ಧನ್ಯವಾದ. ಬಲ್ಬಿನ ಪರೀಕ್ಷೆ ಮಾಡಿದೆ. ನಿಂತ ಗಾಡಿ 12.7. ಐಡಲ್‌ನಲ್ಲಿ ಬಲ್ಬಿಲ್ಲದೆ 13.6, ಬಲ್ಬಿನ ಜೊತೆ 12.5. ನಾಲ್ಕು ಸಾವಿರದಲ್ಲಿ ಬಲ್ಬಿನ ಜೊತೆ 13.4.

ವೈರಿಂಗ್ ಬಗ್ಗೆ ಇನ್ನೊಂದು ಸಂದೇಹ. ಕಿಟ್ಟಿನಲ್ಲಿ ವೈರನ್ನು ಕತ್ತರಿಸದೆ ಕಚ್ಚಿ ಹಿಡಿಯುವ ನೀಲಿ ಕ್ಲಿಪ್ ಕೊಡುತ್ತಾರಂತೆ. ಟೈಲ್ ಲೈಟ್ ವೈರಿಗೆ ಅದನ್ನು ಕಚ್ಚಿಸಿ ಗ್ರಿಪ್ಪನ್ನು ಅಲ್ಲಿಂದಲೇ ಓಡಿಸಬಹುದೇ? ಹಳೇ ಗ್ರಿಪ್ಪಿನ ಕೆಳಗೆ ಅಂಟಿಸುವ ತೆಳು ಹಾಳೆಯ ಕಿಟ್ಟೂ ಸಿಗುತ್ತದೆ. ಅದು ಹೇಗೆ?


ಓಮ್‌ಲೆಕ್ಕ:

ನಿಮ್ಮ ಗಾಡಿಗೆ ಹಾಕಬಹುದು. ಮೊದಲ ಐದು ನಿಮಿಷ ಮೇಲಿನ ಹಂತ, ಆಮೇಲೆ ಎರಡು ಅಥವಾ ಮೂರು. ಇಂಜಿನ್ ಸ್ಟಾರ್ಟ್ ಆದ ಮೇಲೆಯೇ ಆನ್ ಮಾಡಿ. ಐಡಲ್‌ನಲ್ಲಿ 12.5ಕ್ಕೆ ಇಳಿಯುವುದರಿಂದ ಬಹಳ ಹೊತ್ತು ನಿಲ್ಲುವಾಗ ಆಫ್ ಮಾಡಿ. ವೋಲ್ಟೇಜ್ ಬಿದ್ದರೆ ತಾನೇ ಆಫ್ ಆಗುವ ಕಂಟ್ರೋಲರ್ ಸಿಕ್ಕರೆ ಅದನ್ನೇ ಆರಿಸಿ.

ಟೈಲ್ ಲೈಟ್ ವೈರಿನಿಂದ ಗ್ರಿಪ್ ಓಡಿಸಬೇಡಿ. ಅದು ಒಂದು ಆಂಪ್‌ಗೂ ಕಡಿಮೆ ಹೊರೆಗೆ ಹಾಕಿದ ತೆಳು ವೈರ್, ಮೇಲಾಗಿ ಮೀಟರ್, ಹಾರ್ನ್ ಜೊತೆ ಒಂದೇ ಫ್ಯೂಸ್ ಹಂಚಿಕೊಂಡಿರುತ್ತದೆ. ಕತ್ತಲಲ್ಲಿ ಫ್ಯೂಸ್ ಹೋದರೆ ಟೈಲ್ ಲೈಟೂ ಹೋಯಿತು. ನೇರ ಬ್ಯಾಟರಿಗೆ ಹಾಕಿದರೆ ಇನ್ನೊಂದು ಕಷ್ಟ: ಮರೆತು ಆನ್ ಬಿಟ್ಟರೆ 8 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯೊಳಗೆ ಖಾಲಿ, ಸೆಲ್ಫ್ ತಿರುಗದ ಸ್ಥಿತಿ ಅದಕ್ಕಿಂತ ಎಷ್ಟೋ ಮೊದಲೇ ಬರುತ್ತದೆ.

ಸರಿಯಾದ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ನಾಲ್ಕು ಕಾಲಿನ 12 ವೋಲ್ಟ್ ರಿಲೇ ತೆಗೆದುಕೊಳ್ಳಿ. ಬ್ಯಾಟರಿ ಪ್ಲಸ್‌ನಿಂದ 15 ಸೆಂ.ಮೀ. ಒಳಗೆ 7.5 ಆಂಪ್ ಫ್ಯೂಸ್, ಅಲ್ಲಿಂದ 30ನೇ ಕಾಲಿಗೆ. 87ನೇ ಕಾಲಿನಿಂದ ಕಂಟ್ರೋಲರ್‌ನ ಪ್ಲಸ್‌ಗೆ. 86ಕ್ಕೆ ಟೈಲ್ ಲೈಟ್ ವೈರಿನಿಂದ ಕವಲು, 85 ಅರ್ತಿಗೆ. ಟೈಲ್ ಲೈಟ್ ವೈರ್ ಈಗ ಹೊರುವುದು ರಿಲೇಯ ಸುರುಳಿಯ 0.15 ಆಂಪ್‌ನಷ್ಟನ್ನು ಮಾತ್ರ. ಕೀಲಿ ತೆಗೆದರೆ ಗ್ರಿಪ್ ಸತ್ತಂತೆಯೇ. ಒಳಗೆ ಡಯೋಡ್ ಇರುವ ರಿಲೇ ಸಿಕ್ಕರೆ ಒಳ್ಳೆಯದು, ಸುರುಳಿ ಆಫ್ ಆಗುವಾಗಿನ ವೋಲ್ಟೇಜ್ ಹೊಡೆತ ಇಸಿಯು ಕಡೆ ಹೋಗುವುದಿಲ್ಲ. ಅದರಲ್ಲಿ 86 ಪ್ಲಸ್, 85 ಮೈನಸ್ ಎಂಬುದನ್ನು ತಪ್ಪಿಸಬೇಡಿ.

ವೈರ್ 1 ಚದರ ಮಿ.ಮೀ. ಇರಲಿ. ಹೋಗಿಬರುವ ದಾರಿ 3 ಮೀಟರ್ ಎಂದುಕೊಂಡರೆ 4 ಆಂಪ್‌ಗೆ ಕಳೆದುಹೋಗುವುದು 0.2 ವೋಲ್ಟ್. ಅರ್ಧ ಚದರ ಮಿ.ಮೀ. ವೈರಾದರೆ 0.4 ವೋಲ್ಟ್, ಬಿಸಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಗ್ರಿಪ್ಪಿನ ಆರು ಶೇಕಡಾ ಶಾಖ ವೈರಿನಲ್ಲೇ ಹೋಯಿತು. ಮೈನಸ್ ವೈರನ್ನು ಫ್ರೇಮಿನ ಯಾವುದೋ ಬೋಲ್ಟಿಗೆ ಕಟ್ಟದೆ ಬ್ಯಾಟರಿಯ ಮೈನಸ್‌ಗೇ ತನ್ನಿ. ಕೆಲಸ ಶುರು ಮಾಡುವಾಗ ಮೈನಸ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನು ಕೊನೆಗೆ ಹಾಕಿ.

ಆ ನೀಲಿ ಕ್ಲಿಪ್ ಬೇಡ. ಅದರ ಲೋಹದ ಹಲ್ಲು ವೈರಿನ ಎಳೆಗಳನ್ನೇ ಕೊಯ್ಯುತ್ತದೆ, ತೆರೆದ ತಾಮ್ರಕ್ಕೆ ನೀರು ಸೇರಿ ಹಸಿರುಗಟ್ಟುತ್ತದೆ. ಇಂಥ ಕ್ಲಿಪ್ಪಿನ ತೊಂದರೆ ಹಾಕಿದ ದಿನ ಕಾಣುವುದಿಲ್ಲ, ಒಂದು ಮಳೆಗಾಲ ಕಳೆದ ಮೇಲೆ ಕಾಣುತ್ತದೆ. ವೈರಿನ ಸಿಪ್ಪೆಯನ್ನು ಒಂದು ಸೆಂ.ಮೀ. ಸುಲಿದು, ಕವಲು ವೈರನ್ನು ಸುತ್ತಿ ಸಾಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಸುಲಿದ ಜಾಗಕ್ಕೆ ಸ್ಲೀವ್ ತೂರಿಸಲು ಆಗದಿದ್ದರೆ ವೈರ್ ಕತ್ತರಿಸಿ ಮೂರು ತುದಿ ಕ್ರಿಂಪ್ ಮಾಡಿ. ಹ್ಯಾಂಡಲ್ ತಿರುಗುವ ಕಡೆ, ಅಂದರೆ ಸ್ಟೀರಿಂಗ್ ಕುತ್ತಿಗೆಯ ಹತ್ತಿರ, ಎಲ್ಲೂ ಸಾಲ್ಡರ್ ಜೋಡಣೆ ಇಡಬೇಡಿ. ಸಾಲ್ಡರ್ ಕುಡಿದ ವೈರ್ ಕಡ್ಡಿಯಂತಾಗಿ ಅದರ ಅಂಚಿನಲ್ಲಿ ಮುರಿಯುತ್ತದೆ.

ಕ್ಯಾನ್ ಬಸ್ ವೈರಿಂಗ್ (ಕಂಟ್ರೋಲ್ ಯೂನಿಟ್‌ಗಳು ಒಂದೇ ಜೋಡಿ ವೈರಿನಲ್ಲಿ ಸಂಕೇತ ಹಂಚಿಕೊಳ್ಳುವ ವ್ಯವಸ್ಥೆ) ಇರುವ ದೊಡ್ಡ ಗಾಡಿಯವರು ಟೈಲ್ ಲೈಟ್ ವೈರಿಗೂ ಕೈಹಾಕಬೇಡಿ. ಅಲ್ಲಿ ಕಂಟ್ರೋಲ್ ಯೂನಿಟ್ ಪ್ರತಿ ವೈರಿನ ಕರೆಂಟನ್ನು ನೋಡುತ್ತಿರುತ್ತದೆ, ವ್ಯತ್ಯಾಸ ಕಂಡರೆ ಆ ಲೈಟನ್ನೇ ಆಫ್ ಮಾಡಬಹುದು. ಕಂಪನಿ ಕೊಟ್ಟ ಆಕ್ಸೆಸರಿ ಪ್ಲಗ್ಗಿನಿಂದ ರಿಲೇಗೆ ಸಂಕೇತ ತೆಗೆದುಕೊಳ್ಳಿ.


ಅರಮತ್ತುಸ್ಪ್ಯಾನರ್:

ಅಂಟಿಸುವ ಹಾಳೆಯ ಬಗ್ಗೆ: ಈಗಿರುವ ಗ್ರಿಪ್ಪೇ ಕೈಗೆ ಹಿಡಿಸಿದ್ದರೆ, ಅಥವಾ ದಪ್ಪ ಗ್ರಿಪ್ ಹಿಡಿಯಲಾಗದ ಸಣ್ಣ ಕೈಯಾದರೆ ಅದು ಒಳ್ಳೆಯ ಆಯ್ಕೆ. ಆದರೆ ಗ್ರಿಪ್ಪನ್ನು ಅದರ ಮೇಲೆ ಎಳೆಯುವಾಗ ಹಾಳೆ ಮಡಚುತ್ತದೆ, ಹರಿಯುತ್ತದೆ. ಹಾಳೆಯ ಎರಡು ಅಂಚು ಒಂದರ ಮೇಲೊಂದು ಬರಕೂಡದು; ಬಂದ ಜಾಗ ಸುಟ್ಟುಹೋಗುತ್ತದೆ. ಒಂದೆರಡು ಮಿ.ಮೀ. ಸಂದಿ ಬಿಟ್ಟು ಸುತ್ತಿ. ಮೇಲೆ ಗ್ರಿಪ್ ಇಲ್ಲದೆ, ಪೈಪಿಗೆ ಅಂಟಿಸದೆ ಗಾಳಿಯಲ್ಲಿ ಹಿಡಿದು ಆನ್ ಮಾಡಿ ನೋಡಬೇಡಿ, ಶಾಖ ಹೋಗಲು ದಾರಿಯಿಲ್ಲದೆ ಕರಗುತ್ತದೆ. ಎಡಬಲ ಹಾಳೆಗಳ ವ್ಯಾಟ್ ಬೇರೆ ಬೇರೆ ಇರಬಹುದು, ಗುರುತು ನೋಡಿಯೇ ಅಂಟಿಸಿ.

ನೀವು ಕೇಳಿದ ಎಡಗೈ ತಣ್ಣಗಿರುವ ವಿಷಯವೂ ಇದಕ್ಕೇ ಸೇರಿದ್ದು. ಬಲಗಡೆ ಗ್ರಿಪ್ಪಿಗೂ ಪೈಪಿಗೂ ನಡುವೆ ಪ್ಲಾಸ್ಟಿಕ್ ಕೊಳವೆ ಇದೆ, ಸಣ್ಣ ಗಾಳಿಯ ಪದರವೂ ಇದೆ. ಶಾಖ ಒಳಗೆ ಸೋರುವುದಿಲ್ಲ. ಎಡಗಡೆ ಗ್ರಿಪ್ ನೇರ ಲೋಹಕ್ಕೆ ಅಂಟಿದೆ. ಇಡೀ ಹ್ಯಾಂಡಲ್ ಪೈಪು ಆ ಬಿಸಿಯನ್ನು ಹೀರಿ ಗಾಳಿಗೆ ಕೊಡುತ್ತದೆ. ಅಲ್ಯೂಮಿನಿಯಂ ಹ್ಯಾಂಡಲ್ ಆದರೆ ಇನ್ನೂ ಹೆಚ್ಚು. ಕೆಲವು ತಯಾರಕರು ಇದಕ್ಕೆಂದೇ ಎಡದ್ದಕ್ಕೆ ಹೆಚ್ಚು ವ್ಯಾಟ್ ಇಡುತ್ತಾರೆ, ಆದ್ದರಿಂದ ಎಡದ್ದು ಸ್ವಲ್ಪ ಕಡಿಮೆ ಓಮ್ಸ್ ತೋರಿಸಿದರೆ ಅದು ದೋಷವಲ್ಲ.

ಪರಿಹಾರ ಪೈಪಿಗೂ ಗ್ರಿಪ್ಪಿಗೂ ನಡುವೆ ಶಾಖ ತಡೆಯುವ ಪದರ. ವರ್ನಿಯರ್ ಹಿಡಿದು ಪೈಪಿನ ಹೊರವ್ಯಾಸ, ಗ್ರಿಪ್ಪಿನ ಒಳವ್ಯಾಸ ಎರಡನ್ನೂ ಅಳೆಯಿರಿ. ಅರ್ಧ ಮಿ.ಮೀ. ಜಾಗ ಇದ್ದರೆ ಕಂದು ಬಣ್ಣದ ಪಾಲಿಇಮೈಡ್ ಟೇಪು ಎರಡು ಮೂರು ಸುತ್ತು, ಒಂದು ಮಿ.ಮೀ. ಇದ್ದರೆ ಪೈಪಿನ ಮೇಲೆ ತೆಳು ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕುಗ್ಗಿಸಿ. ಸಾಮಾನ್ಯ ಕಪ್ಪು ಇನ್ಸುಲೇಷನ್ ಟೇಪ್ ಬೇಡ, ಬಿಸಿಗೆ ಅದರ ಅಂಟು ಕರಗಿ ಗ್ರಿಪ್ ಸುತ್ತಲು ಶುರುವಾಗುತ್ತದೆ. ಪೈಪಿನ ತುದಿಯ ಟೊಳ್ಳಿಗೆ ಫೋಮ್ ತುಂಬಿದರೂ ಒಳಗಿನ ಗಾಳಿ ಓಡಾಡುವುದು ನಿಂತು ಒಂದಷ್ಟು ಲಾಭವಿದೆ, ಆದರೆ ಅದು ಟೇಪಿನಷ್ಟು ಕೆಲಸ ಮಾಡುವುದಿಲ್ಲ.


ಗಾಳಿಗೆದುರು:

ವ್ಯಾಟ್ ಬಗ್ಗೆ ಇಷ್ಟು ಮಾತಾಯಿತು, ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 80 ಕಿ.ಮೀ. ಗಾಳಿ ಬಡಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 3 ಡಿಗ್ರಿಯ ಹಾಗೆ ತಾಗುತ್ತದೆ. ಹೀಟೆಡ್ ಗ್ರಿಪ್ ಕಾಯಿಸುವುದು ಅಂಗೈಯನ್ನು. ಗಾಳಿ ಹೊಡೆಯುವುದು ಮುಂಗೈಯನ್ನು, ಬೆರಳಿನ ಗೆಣ್ಣುಗಳನ್ನು. ಅಂಗೈ ಸುಡುತ್ತಿದ್ದರೂ ಬೆರಳ ತುದಿ ಮರಗಟ್ಟುವುದು ಇದಕ್ಕೇ.

ಆದ್ದರಿಂದ ಗ್ರಿಪ್ಪಿನ ಜೊತೆ ಹ್ಯಾಂಡ್‌ಗಾರ್ಡ್ ಹಾಕಿ. ಬರಿ ಲೋಹದ ಬಳೆಯಂಥದ್ದಲ್ಲ, ಅಗಲವಾದ ಪ್ಲಾಸ್ಟಿಕ್ ಫಲಕ ಇರುವಂಥದ್ದು. ಅದಿದ್ದರೆ ಮೂರನೇ ಹಂತದಲ್ಲಿ ಸಿಗುವ ಸುಖ ಎರಡನೇ ಹಂತದಲ್ಲೇ ಸಿಗುತ್ತದೆ, ನಿಮ್ಮ ಸಣ್ಣ ಬ್ಯಾಟರಿಗೆ ಅದು ದೊಡ್ಡ ಉಳಿತಾಯ. ಇನ್ನೂ ಕೊರೆಯುವ ಚಳಿಯಾದರೆ ಹ್ಯಾಂಡಲ್‌ಗೆ ತೊಡಿಸುವ ಮಫ್. ಮಫ್ ಹಾಕಿದಾಗ ಅದರ ಬಟ್ಟೆ ಬ್ರೇಕ್ ಲಿವರನ್ನು ಒತ್ತದಂತೆ ನೋಡಿ. ಗಾಳಿಗೆ ಬಟ್ಟೆ ಹಿಂದಕ್ಕೆ ಬಾಗಿ ಲಿವರಿಗೆ ತಗುಲಿದರೆ ಬ್ರೇಕ್ ಲೈಟ್ ಉರಿದುಕೊಂಡೇ ಇರುತ್ತದೆ, ಬ್ರೇಕೂ ಉಜ್ಜುತ್ತದೆ.

ಗ್ಲೌಸ್ ಆರಿಸುವ ರೀತಿಯೂ ಬದಲಾಗಬೇಕು. ಅಂಗೈ ಕಡೆ ದಪ್ಪ ಹತ್ತಿ, ಫೋಮ್ ಇರುವ ಚಳಿಗಾಲದ ಗ್ಲೌಸ್ ಗ್ರಿಪ್ಪಿನ ಬಿಸಿಯನ್ನು ಕೈಗೆ ಬಿಡುವುದೇ ಇಲ್ಲ. ಅಂಗೈ ಕಡೆ ಒಂಟಿ ಪದರದ ಚರ್ಮ, ಮೇಲ್ಗಡೆ ಗಾಳಿ ತಡೆಯುವ ಪದರ ಮತ್ತು ಒಳಬಟ್ಟೆ, ಇಂಥದ್ದು ಬೇಕು. ಸ್ವಿಚ್ಚು ಸಿಗುವುದಿಲ್ಲ ಎಂಬ ನಿಮ್ಮ ಕಷ್ಟವೂ ಇದರಿಂದಲೇ ತೀರುತ್ತದೆ. ಎದೆ, ಕುತ್ತಿಗೆ ಬೆಚ್ಚಗಿಲ್ಲದಿದ್ದರೆ ದೇಹ ಕೈಬೆರಳಿನ ರಕ್ತವನ್ನೇ ಮೊದಲು ಕಡಿತ ಮಾಡುತ್ತದೆ, ಆಗ ಯಾವ ಗ್ರಿಪ್ಪೂ ಸಾಲದು.

ಸಕ್ಕರೆ ಕಾಯಿಲೆಯಿಂದ ಕೈಯ ಸ್ಪರ್ಶ ಕಡಿಮೆಯಾಗಿರುವವರು ಮೇಲಿನ ಹಂತ ಬಳಸದಿರುವುದು ಕ್ಷೇಮ. ಸುಡುತ್ತಿರುವುದು ತಿಳಿಯದೆ ಚರ್ಮ ಬೊಬ್ಬೆ ಬರುವವರೆಗೂ ಹಿಡಿದೇ ಇರುತ್ತಾರೆ.


ಎರಡುಗಾಲಿ:

ಎಲೆಕ್ಟ್ರಿಕ್ ಸ್ಕೂಟರಿಗೆ ಹಾಕಬಹುದೇ? ಮುಖ್ಯ ಬ್ಯಾಟರಿ 48 ವೋಲ್ಟ್. ಅದರ ನಡುವಿನ ಸೆಲ್ಲುಗಳಿಂದ 12 ವೋಲ್ಟ್ ತೆಗೆದರೆ ಆಗುತ್ತದಲ್ಲವೇ?


ಓಮ್‌ಲೆಕ್ಕ:

ಖಂಡಿತ ಬೇಡ. ಕೆಲವೇ ಸೆಲ್ಲುಗಳಿಂದ ಕರೆಂಟ್ ತೆಗೆದರೆ ಅವು ಉಳಿದವಕ್ಕಿಂತ ಮೊದಲು ಖಾಲಿಯಾಗಿ ಇಡೀ ಪ್ಯಾಕಿನ ಸಮತೋಲ ಕೆಡುತ್ತದೆ. ಲಿಥಿಯಂ ಪ್ಯಾಕಿನಲ್ಲಿ ಅದು ಅಪಾಯವೂ ಹೌದು. ಸ್ಕೂಟರಿನಲ್ಲಿ ಲೈಟ್, ಹಾರ್ನ್‌ಗೆ 12 ವೋಲ್ಟ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಇರುತ್ತದೆ. ಅದರ ಮೈಮೇಲೆ ಗರಿಷ್ಠ ಆಂಪ್ ಬರೆದಿರುತ್ತದೆ. ಇರುವ ಲೈಟು, ಹಾರ್ನು, ಇಂಡಿಕೇಟರಿನ ಹೊರೆ ಕಳೆದು 5 ಆಂಪ್ ಉಳಿದರೆ ಮಾತ್ರ ಅಲ್ಲಿಂದ ಹಾಕಿ. ಇಲ್ಲದಿದ್ದರೆ ಗ್ರಿಪ್ಪಿಗೆಂದೇ ಬೇರೆ ಕನ್ವರ್ಟರ್, ಅದಕ್ಕೆ ಬೇರೆ ಫ್ಯೂಸ್. ವಾರಂಟಿ ಷರತ್ತು ಓದಿಕೊಳ್ಳಿ.


ಮಂಜುಹಾದಿ:

ಕೊನೆಯದಾಗಿ ಒಂದು ಪ್ರಶ್ನೆ. ಹಾಕಿದ ಮೇಲೆ ಮುಂದೆ ಕೆಟ್ಟರೆ ಎಲ್ಲಿಂದ ಹುಡುಕಬೇಕು?


ಅರಮತ್ತುಸ್ಪ್ಯಾನರ್:

ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ತಣ್ಣಗಿರುವುದರ ಪ್ಲಗ್ ಬಿಚ್ಚಿ ಓಮ್ಸ್ ನೋಡಿ. ನಿಮ್ಮ ಕಿಟ್ಟಿನಲ್ಲಿ ಎರಡೂ ಪ್ಯಾರಲಲ್ ಆಗಿದ್ದರೆ ತಲಾ 6 ಓಮ್ಸ್ ಆಸುಪಾಸು ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ಬಲಗಡೆ ಆದರೆ ಮೀಟರ್ ಹಿಡಿದುಕೊಂಡೇ ಎಕ್ಸಲರೇಟರ್ ನಿಧಾನವಾಗಿ ತಿರುವಿ. ಒಂದು ಕೋನದಲ್ಲಿ ಅಂಕಿ ಬಂದು ಇನ್ನೊಂದರಲ್ಲಿ ಹೋದರೆ ವೈರ್ ಗ್ರಿಪ್ಪಿನಿಂದ ಹೊರಬರುವ ಬುಡದಲ್ಲಿ ಮುರಿದಿದೆ. ಅತಿ ಹೆಚ್ಚು ಕೆಡುವ ಜಾಗ ಅದೇ, ಬಳುಕು ಕಡಿಮೆ ಬಿಟ್ಟವರಿಗೆ ಬೇಗ ಬರುತ್ತದೆ.

ಎರಡೂ ಒಟ್ಟಿಗೆ ಸತ್ತರೆ ಫ್ಯೂಸ್, ರಿಲೇ, ಕಂಟ್ರೋಲರ್, ಇದೇ ಕ್ರಮದಲ್ಲಿ. ಕೀಲಿ ತಿರುಗಿಸಿದಾಗ ರಿಲೇ ಟಿಕ್ಕೆಂದರೂ 87ರಲ್ಲಿ ವೋಲ್ಟ್ ಇಲ್ಲದಿದ್ದರೆ 30ನೇ ಕಾಲಿನ ಕಡೆ ನೋಡಿ. ಎರಡು ಗ್ರಿಪ್ಪನ್ನು ಸೀರೀಸ್‌ನಲ್ಲಿ ಹಾಕಿ ಕೆಳ ಹಂತ ಮಾಡುವ ಹಳೇ ಬಗೆಯ ಕಿಟ್ಟಿನಲ್ಲಿ ಒಂದು ಕಡಿದರೆ ಕೆಳ ಹಂತದಲ್ಲಿ ಎರಡೂ ತಣ್ಣಗಾಗುತ್ತವೆ, ಮೇಲಿನ ಹಂತದಲ್ಲಿ ಒಂದು ಮಾತ್ರ ಕಾಯುತ್ತದೆ. ಆ ಲಕ್ಷಣ ಕಂಡರೆ ಕಂಟ್ರೋಲರನ್ನು ಅನುಮಾನಿಸಬೇಕಿಲ್ಲ.

ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ಸ್ಟೀರಿಂಗ್ ಕುತ್ತಿಗೆಯ ಹತ್ತಿರ ವೈರಿನ ಸಿಪ್ಪೆ ಸವೆದು ಫ್ರೇಮಿಗೆ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕಿ ಮುಂದೆ ಓಡಿಸಬೇಡಿ. ಫ್ಯೂಸ್ ಇರುವುದು ವೈರ್ ಹೊತ್ತಿಕೊಳ್ಳದಿರಲಿ ಎಂದು. ಆ ಭಾಗದ ವೈರಿಗೆ ಬಟ್ಟೆ ಟೇಪ್ ಸುತ್ತಿ, ಕಂಪನಿ ವೈರಿಂಗ್ ಹೋಗುವ ದಾರಿಯಲ್ಲೇ ಕಟ್ಟಿ, ಟೈ ಹಾಕುವಾಗ ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ ನೋಡಿಯೇ ಬಿಗಿಯಿರಿ.

ಪ್ಲಗ್ಗುಗಳ ಬಾಯಿ ಕೆಳಮುಖವಾಗಿರಲಿ, ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಪ್ರೆಷರ್ ವಾಷರ್ ಅನ್ನು ಕಂಟ್ರೋಲರಿಗೂ ಗ್ರಿಪ್ಪಿನ ಬುಡಕ್ಕೂ ಹಿಡಿಯಬೇಡಿ. ಮಾಮೂಲಿ ಸರ್ವಿಸ್‌ಗೆ ಗಾಡಿ ಬಿಟ್ಟಾಗ ಎಕ್ಸಲರೇಟರ್ ಕೇಬಲ್ ಬದಲಿಸುವ ಕೆಲಸವಿದ್ದರೆ, ಗ್ರಿಪ್ಪಿಗೆ ವೈರ್ ಇದೆ, ಕೊಳವೆಯನ್ನು ಎಳೆಯುವ ಮುಂಚೆ ಪ್ಲಗ್ ಬಿಚ್ಚಬೇಕು ಎಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿ.